ಇಳಿಯುವವರೇ, ಹತ್ತುವವರಿಗೆ ದಾರಿ ಬಿಡ್ರಿ

ಯೌವನಸ್ಥರ ಆರಾಧನೆ, ಸೇಡಂ ರಸ್ತೆ, ಕಲಬುರಗಿ
ವಾಕ್ಯಭಾಗ: ಲೂಕ 10:30–37, ಆದಿಕಾಂಡ 33:12–14

ಎಲ್ಲರೂ ಒಮ್ಮೆ ಹಲ್ಲೆಲೂಯಾ ಹೇಳ್ರಿ. ಇನ್ನೂ ಸ್ವಲ್ಪ ಜೋರಾಗಿ. ಹೋದ ಶನಿವಾರ ಬೆಟ್ಟಕ್ಕೆ ಬಂದವರ ಕಾಲುನೋವು ಇನ್ನೂ ಹೋಗಿಲ್ಲ ಅಂತ ಕಾಣ್ತದೆ, ಧ್ವನಿನೇ ಹೊರಗೆ ಬರ್ತಿಲ್ಲ.

ಕೂತುಕೊಳ್ಳಿ. ಬೈಬಲ್ ತೆಗೆದು ಲೂಕ 10ನೇ ಅಧ್ಯಾಯದಲ್ಲಿ ಒಂದು ಬೆರಳು ಇಡಿ, ಆದಿಕಾಂಡ 33ರಲ್ಲಿ ಇನ್ನೊಂದು. ಮೊಬೈಲಿನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ ಓದ್ರಿ.

ಇವತ್ತು ನಾನು ಬೇರೆ ಒಂದು ಸಂದೇಶ ತಯಾರಿ ಮಾಡಿದ್ದೆ. ನಂಬಿಕೆಯಿಂದ ಬೆಟ್ಟ ಹತ್ತುವುದು ಹೇಗೆ ಅಂತ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಎಂಟು ದಿನದಿಂದ ಪವಿತ್ರಾತ್ಮನು ನನಗೆ ಒಂದೇ ಮಾತು ಹೇಳ್ತಿದ್ದಾನೆ: ಬೋಧನೆ ಆಮೇಲೆ, ಮೊದಲು ತಪ್ಪು ಒಪ್ಪಿಕೊ. ಹಾಗಾಗಿ ಇದು ಅರ್ಧ ಸಂದೇಶ, ಅರ್ಧ ನನ್ನ ಪಾಪದರಿಕೆ.

ಬಂದವರಿಗೆ ಗೊತ್ತು, ಬರದವರಿಗೆ ಹೇಳ್ತೀನಿ. ಬೆಳಿಗ್ಗೆ ಐದೂವರೆಗೆ ಇಲ್ಲಿಂದ ಹೊರಟ್ವಿ. ಎರಡು ಗಾಡಿ, ನನ್ನನ್ನೂ ಸೇರಿಸಿ 23 ಜನ. ಕಮಲಾಪುರದಲ್ಲಿ ನಿಂತು ಚಹಾ ಕುಡಿದ್ವಿ, ಅಲ್ಲಿನ ಕೆಂಪು ಬಾಳೆಹಣ್ಣು ಕೊಂಡ್ವಿ. ನಮ್ಮ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ಗೊತ್ತಲ್ಲ? ಬೆಂಗಳೂರಿನವರಿಗೆ ನಂದಿ ಬೆಟ್ಟ ಇರಬಹುದು, ನಮಗೂ ದೇವರು ಏನೂ ಕಡಿಮೆ ಮಾಡಿಲ್ಲ. ಕಲಬುರಗಿ ಅಂದ್ರೆ ಬರೀ ಬಿಸಿಲು, ತೊಗರಿ ಹೊಲ, ಸಿಮೆಂಟ್ ಲಾರಿ ಅಂತ ಹೇಳುವವರನ್ನು ಒಮ್ಮೆ ಚಿಂಚೋಳಿಗೆ ಕರ್ಕೊಂಡು ಹೋಗಬೇಕು. 2011ರಲ್ಲಿ ವನ್ಯಧಾಮ ಅಂತ ಘೋಷಣೆ ಆದ ಕಾಡು ಅದು, ಸುಮಾರು 134 ಚದರ ಕಿಲೋಮೀಟರ್. ಸಾಗುವಾನಿ ಇದೆ, ತೋಳ ಇದೆ, ಕತ್ತೆಕಿರುಬ ಇದೆ. ಚಂದ್ರಂಪಳ್ಳಿ ಜಲಾಶಯದ ನೀರು ಕಂಡ ಕೂಡಲೇ ನಮ್ಮ ಹುಡುಗಿಯರು ಗಾಡಿಯಲ್ಲೇ ಸ್ತೋತ್ರದ ಹಾಡು ಶುರು ಮಾಡಿದ್ರು. ನಾವು ಹೋಗಿದ್ದು ಗೊಟ್ಟಂಗುಟ್ಟದ ಕಡೆ. ಗುಟ್ಟ ಅಂದ್ರೆ ತೆಲುಗಿನಲ್ಲಿ ಬೆಟ್ಟ. ಆಚೆ ತೆಲಂಗಾಣ, ಈಚೆ ನಾವು.

ನಮ್ಮ ಜೊತೆ ಒಬ್ಬ ತಮ್ಮ ಇದ್ದ. ಹೆಸರು ಹೇಳಲ್ಲ. ಅವನ ಒಪ್ಪಿಗೆ ತಗೊಂಡೇ ಇದನ್ನು ಹೇಳ್ತಿದ್ದೀನಿ. ದಾಲ್ ಮಿಲ್ಲಿನಲ್ಲಿ ಕೆಲಸ. ಎರಡು ವರ್ಷ ಸಭೆಗೆ ಬಂದಿರಲಿಲ್ಲ, ಕುಡಿತಕ್ಕೆ ಬಿದ್ದಿದ್ದ. ಈಗ ನಾಲ್ಕು ತಿಂಗಳಿಂದ ಬಿಟ್ಟಿದ್ದಾನೆ, ಕರ್ತನಿಗೆ ಸ್ತೋತ್ರ. ಆದ್ರೆ ದೇಹ ಇನ್ನೂ ಪೂರ್ತಿ ಕೂಡಿಕೊಂಡಿಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಾವೂ ಕೇಳಲಿಲ್ಲ.

ಹತ್ತಲು ಶುರು ಮಾಡಿದ ಮೇಲೆ ನಿಮಗೆ ಗೊತ್ತೇ ಇದೆ, ಮುಂದಿನವರು ಮುಂದೆ, ಗಿಟಾರ್ ಮಧ್ಯದಲ್ಲಿ, ರೀಲ್ಸ್ ಮಾಡುವವರು ಅಲ್ಲಲ್ಲಿ. ಎಲ್ಲರಿಗಿಂತ ಮುಂದೆ ಯಾರು? ನಿಮ್ಮ ಪಾಸ್ಟರ್! ನನಗೆ ನಲವತ್ತು ದಾಟಿದೆ, ಆದ್ರೂ ಹುಡುಗರಿಗಿಂತ ಮುಂದೆ ಇದ್ದೀನಿ ಅಂತ ಒಳಗೊಳಗೇ ಖುಷಿ.

ಅರ್ಧ ದಾರಿಯಲ್ಲಿ, ದಾರಿ ಸಣ್ಣದಾಗುವ ಕಡೆ, ಮೇಲಿನಿಂದ ಟ್ರಿಂಗ್ ಟ್ರಿಂಗ್ ಅಂತ ಬೆಲ್ ಕೇಳಿಸಿತು. ನೋಡಿದ್ರೆ ಆರು ಜನ ಸೈಕಲ್ ಮೇಲೆ ಇಳಿದು ಬರ್ತಿದ್ದಾರೆ. ದಪ್ಪ ಟೈರಿನ ಮೌಂಟನ್ ಬೈಕ್, ತಲೆಗೆ ಹೆಲ್ಮೆಟ್. ನನಗೆ ಮೊದಲು ಬಂದಿದ್ದು ಸಿಟ್ಟು. ಕಾಡಿನ ದಾರಿಯಲ್ಲೂ ಇವರ ಕಾಟನಾ ಅಂತ. ಬಾಯಿ ತೆರೆದು ಏನೋ ಅನ್ನೋ ಮೊದಲೇ ಮುಂದಿನವನು ಬ್ರೇಕ್ ಹಿಡಿದ, ಕೆಳಗೆ ಇಳಿದ, ಸೈಕಲ್ ಎತ್ತಿ ಪೊದೆ ಪಕ್ಕಕ್ಕೆ ಇಟ್ಟು ನಿಂತ. ಹಿಂದಿನ ಐದೂ ಜನ ಹಂಗೇ ಮಾಡಿದ್ರು.

ನಾನು ಕೇಳಿದೆ, "ನೀವ್ಯಾಕೆ ಇಳಿದ್ರಿ? ನಾವೇ ಸರಿದು ನಿಲ್ತಿದ್ವಿ."

ಅವನು ನಕ್ಕ. ಹೈದರಾಬಾದ್ ಕಡೆ ಹುಡುಗ, ತೆಲುಗು, ಉರ್ದು ಬೆರೆಸಿದ ಕನ್ನಡ. "ಹತ್ತೋರಿಗೆ ದಾರಿ ಬಿಡಬೇಕು ಅಣ್ಣಾ, ಅದು ರೂಲ್. ನೀವು ಒಮ್ಮೆ ನಿಂತ್ರೆ ಮತ್ತ ಹತ್ತೋದು ಕಷ್ಟ ಆಗ್ತದ. ನಮ್ದೇನು, ಇಳಿಯೋದು. ಯಾವಾಗ ಬೇಕಾದ್ರೂ ಇಳೀಬಹುದು."

ಒಳ್ಳೆ ಹುಡುಗ ಅಂದ್ಕೊಂಡು ಮುಂದೆ ಹೋದೆ. ಆ ಮಾತು ನನಗೇ ಹೇಳಿದ ಮಾತು ಅಂತ ಆಗ ಗೊತ್ತಾಗಲಿಲ್ಲ.

ಮೇಲೆ ಮುಟ್ಟಿದ್ವಿ. ಗಾಳಿ, ಕೆಳಗೆ ಹಸಿರು, ದೇವರ ಪ್ರಸನ್ನತೆ. ಹಾಡಿದ್ವಿ, ಪ್ರಾರ್ಥನೆ ಶುರು ಆಯ್ತು, ಅನ್ಯಭಾಷೆಯಲ್ಲಿ ಮಾತಾಡಿದ್ವಿ. ಅಷ್ಟರಲ್ಲಿ ಊಟದ ಪೊಟ್ಟಣ ಹಂಚುತ್ತಿದ್ದ ನಮ್ಮ ಸಿಸ್ಟರ್ ಒಬ್ಬರು ನನ್ನ ಹತ್ರ ಬಂದು ಮೆಲ್ಲಗೆ ಹೇಳಿದ್ರು: "ಪಾಸ್ಟರ್, ಒಂದು ಪೊಟ್ಟಣ ಉಳಿದದ. ಒಬ್ರು ಬಂದಿಲ್ಲ."

ಯಾರು ಅಂತ ನನಗೆ ತಕ್ಷಣ ಗೊತ್ತಾಯ್ತು. ನಾನು ಏನು ಹೇಳಿದೆ ಗೊತ್ತಾ? ಕಣ್ಣು ಕೂಡ ತೆರೀಲಿಲ್ಲ. "ಬರ್ತಾನ ಬಿಡ್ರಿ, ಎಲ್ಲಿ ಹೋಗ್ತಾನ" ಅಂದೆ. ಅಂದು ಮತ್ತೆ ಕೈ ಎತ್ತಿ ಪ್ರಾರ್ಥನೆ ಮುಂದುವರಿಸಿದೆ. ಇನ್ನೂ ನಲವತ್ತು ನಿಮಿಷ.

ಪ್ರಿಯರೇ, ಆ ನಲವತ್ತು ನಿಮಿಷದ ಪ್ರಾರ್ಥನೆ ಮೇಲಕ್ಕೆ ಹೋಯ್ತೋ ಇಲ್ವೋ, ನನಗೆ ಸಂಶಯ ಇದೆ.

ಇಳಿದು ಬರುವಾಗ ನೋಡಿದ್ವಿ. ಅರ್ಧಕ್ಕಿಂತ ಕೆಳಗೆ, ಒಂದು ಸಾಗುವಾನಿ ಗಿಡದ ಬುಡದಲ್ಲಿ ನಮ್ಮ ತಮ್ಮ ಕೂತಿದ್ದಾನೆ. ಪಕ್ಕದಲ್ಲಿ ಸೈಕಲ್ ಮಲಗಿಸಿದೆ. ಅದೇ ಹೈದರಾಬಾದ್ ಹುಡುಗ ಅವನ ಜೊತೆ ಕೂತು ಏನೋ ಮಾತಾಡಿ ನಗಿಸ್ತಿದ್ದಾನೆ. ತನ್ನ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸಿದ್ದ, ತನ್ನ ಬಿಸ್ಕೆಟ್ ಕೊಟ್ಟಿದ್ದ. ಐದು ಜನ ಗೆಳೆಯರನ್ನು ಮುಂದೆ ಕಳಿಸಿಬಿಟ್ಟಿದ್ದ. ಮೊಬೈಲ್ ಸಿಗ್ನಲ್ ಇಲ್ಲ. ಸುಮಾರು ಎರಡು ತಾಸು ಅಲ್ಲೇ ಕೂತಿದ್ದಾನೆ, ಗುರುತಿಲ್ಲದ ಮನುಷ್ಯನ ಜೊತೆ. ನಮ್ಮ ವಿಶ್ವಾಸದವನಲ್ಲ, ನಮ್ಮ ಊರವನೂ ಅಲ್ಲ.

ಸಂಜೆ ಗಾಡಿಯಲ್ಲಿ ಆ ತಮ್ಮ ನನ್ನ ಪಕ್ಕ ಕೂತು ಹೇಳಿದ: "ಪಾಸ್ಟರ್, ನೀವು ಹಾಡೋದು ಮೇಲಿಂದ ಕೇಳಿಸ್ತಿತ್ತು. ನಾನು ಇವರ ಜೊತೆ ಕೂಡೋನಲ್ಲ ಅನ್ನಿಸ್ತು. ಕೆಳಗ ಇಳಿದು ರೋಡಿಗೆ ಹೋಗಿ ಬಸ್ ಹಿಡೀತೀನಿ ಅಂತ ಎದ್ದಿದ್ದೆ. ಬಸ್ ನಿಲ್ಲೋ ಕಡೆ ಅಂಗಡಿ ಅದ, ನನಗ ಗೊತ್ತಿತ್ತು."

ಯಾವ ಅಂಗಡಿ ಅಂತ ನಾನು ಬಿಡಿಸಿ ಹೇಳಬೇಕಾ? ನಾಲ್ಕು ತಿಂಗಳ ಕಣ್ಣೀರಿನ ಪ್ರಾರ್ಥನೆ, ಅವನ ತಾಯಿ ಮಾಡಿದ ಉಪವಾಸ, ಎಲ್ಲ ಒಂದು ಬಸ್ ಸ್ಟಾಪಿನ ದೂರದಲ್ಲಿತ್ತು. ಅವನ ಪಾಸ್ಟರ್ ಬೆಟ್ಟದ ಮೇಲೆ ಕಣ್ಣು ಮುಚ್ಚಿದ್ದ. ಸೈಕಲ್ ಮೇಲಿದ್ದವನು ಕಣ್ಣು ತೆರೆದಿದ್ದ.

ಈಗ ಲೂಕ 10 ತೆಗೀರಿ. ನಿಮಗೆ ಚಿಕ್ಕಂದಿನಿಂದ ಗೊತ್ತಿರುವ ಕಥೆ, ಸಂಡೇ ಸ್ಕೂಲಿನಲ್ಲಿ ನಾಟಕ ಕೂಡ ಮಾಡಿದ್ದೀರಿ. ಮೂರು ಸಂಗತಿ ನೋಡೋಣ.

ಮೊದಲನೆಯದು: ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು.

31ನೇ ವಚನ ಗಮನಿಸಿ. ಯಾಜಕನು ಆ ದಾರಿಯಲ್ಲಿ ಇಳಿದು ಬರ್ತಿದ್ದ ಅಂತ ಯೇಸು ಹೇಳ್ತಾನೆ. ಯೆರೂಸಲೇಮು ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. ಒಟ್ಟು ಒಂದು ಸಾವಿರ ಮೀಟರ್ ಇಳಿಜಾರು! ಯಾಜಕನು ದೇವಾಲಯ ಇರುವ ಊರಿನ ಕಡೆಯಿಂದ ಬರ್ತಿದ್ದ. ದಾರಿ ಅವನಿಗೆ ಸುಲಭ ಇತ್ತು, ಕಾಲು ತಾನಾಗೇ ಓಡ್ತಿತ್ತು. ಬಿದ್ದವನಿಗೋ ಎದ್ದು ಕೂರೋದೇ ಒಂದು ಬೆಟ್ಟ.

ಆತ್ಮಿಕ ಜೀವನದಲ್ಲಿ ಕೆಲವರಿಗೆ ಈಗ ಇಳಿಜಾರು. ಕ್ರೈಸ್ತ ಮನೆಯಲ್ಲಿ ಹುಟ್ಟಿದ್ದೀರಿ, ಅಮ್ಮ ಹೊಟ್ಟೆಯಲ್ಲಿದ್ದಾಗಿಂದ ಪ್ರಾರ್ಥನೆ ಕೇಳಿದ್ದೀರಿ. ಭಾನುವಾರ ಬರೋದು ನಿಮಗೆ ಕಷ್ಟ ಅಲ್ಲ. ಪಕ್ಕದಲ್ಲಿ ಕೂತವಳು ಮನೆಯಲ್ಲಿ ಬೈಗುಳ ತಿಂದು, ಲೈಬ್ರರಿಗೆ ಹೋಗ್ತೀನಿ ಅಂತಲೂ ಸುಳ್ಳು ಹೇಳದೆ, ನಿಜ ಹೇಳಿ ಬಂದಿದ್ದಾಳೆ. ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದಿದ್ದಾನೆ. ಅವರು ಹತ್ತುತ್ತಿದ್ದಾರೆ. ಅವರು ತಡವಾಗಿ ಬಂದ್ರೆ ತಿರುಗಿ ನೋಡಬೇಡಿ. ಹಾಡಿನ ಸಾಲು ತಪ್ಪಿದ್ರೆ ನಗಬೇಡಿ. ಒಮ್ಮೆ ನಿಂತ್ರೆ ಮತ್ತೆ ಹತ್ತೋದು ಕಷ್ಟ. ದಾರಿ ಬಿಡ್ರಿ. ಆಮೆನ್?

ಸೇಡಂ ರಸ್ತೆಯಲ್ಲಿ ನಾವು ಯಾರಿಗೂ ದಾರಿ ಬಿಡಲ್ಲ, ಅದು ಎಲ್ಲರಿಗೂ ಗೊತ್ತು. ಆಟೋದವನು ಬಿಡಲ್ಲ, ಲಾರಿಯವನು ಬಿಡಲ್ಲ, ಹಿಂದಿನ ಗಾಡಿಗೆ ಕ್ರಿಸ್ತನ ಸ್ಟಿಕ್ಕರ್ ಅಂಟಿಸಿಕೊಂಡ ವಿಶ್ವಾಸಿ ಕೂಡ ಬಿಡಲ್ಲ. ಆ ಅಭ್ಯಾಸ ಸಭೆಯ ಬಾಗಿಲಿನ ಒಳಗೂ ಬಂದುಬಿಟ್ಟಿದೆ.

ಎರಡನೆಯದು: ವೇಗ ಇರುವವನಿಗೆ ಬ್ರೇಕ್ ಬೇಕು, ಬ್ರೇಕಿಗೆ ಎಣ್ಣೆ ಬೇಕು.

ಮನೆಗೆ ಬಂದ ಮೇಲೆ ಈ ಮೌಂಟನ್ ಬೈಕ್ ಎಲ್ಲಿಂದ ಬಂತು ಅಂತ ಓದಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರ ಮರಿನ್ ಅಂತ ಒಂದು ಕೌಂಟಿ. ಅಲ್ಲಿನ ಹುಡುಗರು ಹಳೇ ಭಾರದ ಸೈಕಲ್ ತಗೊಂಡು ಬೆಟ್ಟದಿಂದ ಇಳಿಯೋ ಆಟ ಶುರು ಮಾಡಿದ್ರು. 1976ರ ಅಕ್ಟೋಬರಿನಲ್ಲಿ ಪಂದ್ಯವೇ ಆಯ್ತು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ, 400 ಮೀಟರ್ ಇಳಿತ. ಆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ಒತ್ತಿದ್ರೆ ಹಿಡಿಯುವ ಬ್ರೇಕ್. ಇಳಿಯೋ ಹೊತ್ತಿಗೆ ಅದು ಎಷ್ಟು ಕಾಯ್ತಿತ್ತು ಅಂದ್ರೆ ಚಕ್ರದ ನಡುವಿನ ಗ್ರೀಸ್ ಹೊಗೆಯಾಗಿ ಹೋಗ್ತಿತ್ತು. ಪ್ರತಿ ಸಲ ಇಳಿದ ಮೇಲೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಅದಕ್ಕೇ ಆ ಪಂದ್ಯಕ್ಕೆ ರೀಪ್ಯಾಕ್ ಅಂತಲೇ ಹೆಸರಾಯ್ತು. ರೀಪ್ಯಾಕ್, ಅಂದ್ರೆ ಮತ್ತೆ ತುಂಬೋದು.

ಕೇಳಿ ಯೌವನಸ್ಥರೇ. ಹೋದ ತಿಂಗಳಿನ ಉಪವಾಸ ಕೂಟದ ಅಭಿಷೇಕ ಈ ತಿಂಗಳಿನ ಇಳಿಜಾರಿಗೆ ಸಾಲಲ್ಲ. ಗ್ರೀಸ್ ಸುಟ್ಟು ಹೋಗಿರ್ತದೆ, ಬ್ರೇಕ್ ಹಿಡಿಯಲ್ಲ, ಆದ್ರೆ ಗಾಡಿ ಇನ್ನೂ ಓಡ್ತಿರ್ತದೆ. ಓಡ್ತಿದೆಯಲ್ಲ ಅಂತ ನಾವು ಎಲ್ಲ ಸರಿ ಇದೆ ಅಂದ್ಕೊಳ್ತೀವಿ. ನನ್ನದು ಅದೇ ಆಯ್ತು. ಸೇವೆ ಓಡ್ತಿತ್ತು, ಬ್ರೇಕ್ ಇರಲಿಲ್ಲ. ಒಬ್ಬ ತಂಗಿ ಬಂದು ಒಬ್ಬರು ಕಡಿಮೆ ಅಂದ್ರೆ ನಿಲ್ಲೋ ಶಕ್ತಿ ನನಗಿರಲಿಲ್ಲ. 92ನೇ ಕೀರ್ತನೆಯಲ್ಲಿ ಕೀರ್ತನೆಗಾರನು ಹೊಸ ಎಣ್ಣೆಯ ಅಭಿಷೇಕದ ಬಗ್ಗೆ ಹಾಡ್ತಾನೆ, ಹಳೇ ಎಣ್ಣೆಯ ಬಗ್ಗೆ ಅಲ್ಲ. ಗಲಾತ್ಯ 5ರಲ್ಲಿ ಆತ್ಮನ ಫಲಗಳ ಪಟ್ಟಿ ಓದ್ರಿ, ಕೊನೆಯಲ್ಲಿ ಇರೋದು ಏನು? ದಮೆ. ತನ್ನನ್ನು ತಾನು ಹಿಡಿದುಕೊಳ್ಳೋದು. ಅನ್ಯಭಾಷೆ ಬರ್ತದೆ, ದಮೆ ಬರ್ತಿಲ್ಲ ಅಂದ್ರೆ, ಪೆಡಲ್ ಇದೆ, ಬ್ರೇಕ್ ಇಲ್ಲ ಅಂತ ಅರ್ಥ.

ಇನ್ನೊಂದು ಓದಿದೆ. ಅದೇ ಮರಿನ್‌ನಲ್ಲಿ ನಡೆಯುವವರಿಗೂ ಸೈಕಲಿನವರಿಗೂ ದೊಡ್ಡ ಜಗಳ ಆಗಿ, ಟಮಲ್ಪೈಸ್ ಬೆಟ್ಟದ ದಾರಿಗಳಲ್ಲಿ ವೇಗಕ್ಕೆ ಮಿತಿ ಹಾಕಿದ್ರು. ನೇರ ದಾರಿಯಲ್ಲಿ ಗಂಟೆಗೆ ಸುಮಾರು 24 ಕಿಲೋಮೀಟರ್. ಮುಂದೆ ಕಾಣದ ತಿರುವಿನಲ್ಲಿ ಸುಮಾರು 8. ಯಾಕೆ? ತಿರುವಿನ ಆಚೆ ಯಾರು ಇದ್ದಾರೆ ನಿನಗೆ ಕಾಣಲ್ಲ. ಮಗು ಇರಬಹುದು, ಮುದುಕಿ ಇರಬಹುದು. ಒಬ್ಬ ಮನುಷ್ಯನ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಏನಾದ್ರೂ ಹಾಕುವ ಮುಂಚೆ ಇದನ್ನು ನೆನಪಿಸಿಕೊಳ್ಳಿ. ಅವನ ಮನೆಯಲ್ಲಿ ಈ ಹೊತ್ತು ಏನು ನಡೀತಿದೆ, ನಿನಗೆ ಕಾಣಲ್ಲ. ಅದು ತಿರುವು. ನಿಧಾನಿಸು.

ಮೂರನೆಯದು: ಸವಾರಿಯಿಂದ ಇಳಿಯದೆ ಪ್ರೀತಿ ಮಾಡಲಿಕ್ಕೆ ಆಗಲ್ಲ.

34ನೇ ವಚನ. ಸಮಾರ್ಯದವನು ಗಾಯ ಕಟ್ಟಿದ, ಎಣ್ಣೆ, ದ್ರಾಕ್ಷಾರಸ ಹೊಯ್ದ. ಆಮೇಲೆ ಏನು ಮಾಡಿದ? ಆ ಮನುಷ್ಯನನ್ನು ತನ್ನ ಸವಾರಿಯ ಮೇಲೆ ಹತ್ತಿಸಿದ. ಹಾಗಾದ್ರೆ ಸಮಾರ್ಯದವನು ಹೇಗೆ ಹೋಗಿರಬೇಕು? ನಡೆದು! ಅವನ ಪ್ರಯಾಣದ ವೇಗ ಅಲ್ಲಿಂದ ಗಾಯಾಳುವಿನ ವೇಗ ಆಯ್ತು.

ಆದಿಕಾಂಡ 33ರಲ್ಲಿ ಇನ್ನೊಬ್ಬ ಹೀಗೇ ಮಾಡಿದ. ಏಸಾವನು ನಾನೂರು ಜನರ ಜೊತೆ ಬಂದು, ಬಾ ಒಟ್ಟಿಗೆ ಹೋಗೋಣ ಅಂತಾನೆ. ಯಾಕೋಬ ಏನಂತಾನೆ? ನನ್ನ ಮಕ್ಕಳು ಎಳೆಯವರು, ಹಾಲೂಡುವ ದನ ಕುರಿಗಳಿವೆ, ಒಂದೇ ದಿನ ಜೋರಾಗಿ ಹೊಡೆದ್ರೆ ಸತ್ತುಹೋಗ್ತವೆ, ನೀನು ಮುಂದೆ ಹೋಗು, ನಾನು ಇವುಗಳ ಕಾಲಿಗೆ ತಕ್ಕ ಹಾಗೆ ಮೆಲ್ಲಗೆ ಬರ್ತೀನಿ ಅಂತಾನೆ. ಇದಕ್ಕೆ ಮೊದಲಿನ ಅಧ್ಯಾಯದಲ್ಲಿ ಅವನು ದೇವರ ಜೊತೆ ಹೋರಾಡಿ ಕುಂಟನಾಗಿದ್ದ. ಪ್ರಿಯರೇ, ಕುಂಟಿದವನಿಗೆ ಮಾತ್ರ ನಿಧಾನವಾಗಿ ನಡೆಯುವವರ ಕಷ್ಟ ಗೊತ್ತಾಗ್ತದೆ.

ನಿಧಾನದವರನ್ನು ಹಿಂದೆ ಬಿಟ್ರೆ ಏನಾಗ್ತದೆ? ಧರ್ಮೋಪದೇಶಕಾಂಡ 25 ಓದ್ರಿ. ಅಮಾಲೇಕ್ಯರು ಇಸ್ರಾಯೇಲಿನ ಮುಂದೆ ಬಂದು ಹೊಡೆಯಲಿಲ್ಲ. ದಣಿದು ಹಿಂದೆ ಉಳಿದ ಬಲಹೀನರ ಮೇಲೆ ಬಿದ್ರು. ಸೈತಾನನಿಗೆ ಇವತ್ತಿಗೂ ಗೊತ್ತು, ಸಾಲಿನ ಮುಂದೆ ಗಿಟಾರ್ ಇದೆ, ಮೈಕ್ ಇದೆ, ಪಾಸ್ಟರ್ ಇದ್ದಾರೆ. ಸಾಲಿನ ಹಿಂದೆ ಯಾರೂ ಇಲ್ಲ. ಅವನು ಕಾಯೋದು ಬಸ್ ಸ್ಟಾಪಿನ ಅಂಗಡಿ ಹತ್ರ.

ಅದಕ್ಕೆ ದೇವರು ಒಂದು ವ್ಯವಸ್ಥೆ ಮಾಡಿದ್ದ. ಅರಣ್ಯಕಾಂಡ 10:25. ಪಾಳೆಯ ಹೊರಡುವಾಗ ಎಲ್ಲರ ಹಿಂದೆ ಕಾವಲಾಗಿ ಹೋಗಬೇಕಾದ್ದು ದಾನ್ ಕುಲ. ಮೊದಲನೇ ಅಧ್ಯಾಯದ ಲೆಕ್ಕದಲ್ಲಿ ದಾನ್ ಕುಲದವರು 62,700. ಯೂದ ಕುಲ ಬಿಟ್ರೆ ಅವರೇ ಅತಿ ಹೆಚ್ಚು. ಮುಂದೆ ಹೋಗೋಕೆ ಬಲ ಇದ್ದವರನ್ನು ದೇವರು ಹಿಂದೆ ನಿಲ್ಲಿಸಿದ. ಕೊನೆಯಲ್ಲಿ ನಡೆಯೋದು ಬಲ ಇಲ್ಲದವರ ಕೆಲಸ ಅಲ್ಲ ತಮ್ಮಾ. ಅದಕ್ಕೇ ಹೆಚ್ಚು ಬಲ ಬೇಕು.

ಇನ್ನು ನಮ್ಮ ಕರ್ತನನ್ನು ನೋಡಿ. ಫಿಲಿಪ್ಪಿ 2. ಇರಬೇಕಾದ ಎತ್ತರದಲ್ಲಿ ಆತನಿದ್ದ. ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲಿಲ್ಲ, ಬರಿದು ಮಾಡಿಕೊಂಡು ಇಳಿದ, ದಾಸನ ಮಟ್ಟಕ್ಕೆ ಇಳಿದ, ಶಿಲುಬೆಯ ಮಟ್ಟಕ್ಕೆ ಇಳಿದ. ನಾನು ಬಿದ್ದ ಕಡೆ ಬಂದು ಪಕ್ಕದಲ್ಲಿ ಕೂತ. ನಾನು ಯಾವತ್ತೂ ಮೇಲೆ ಮುಟ್ಟಿದ್ದು ನನ್ನ ಕಾಲಿನ ಬಲದಿಂದ ಅಲ್ಲ. ಆತ ಇಳಿದು ಬಂದ, ಅದಕ್ಕೇ ನಾನು ಹತ್ತಿದೆ. ಹಲ್ಲೆಲೂಯಾ!

ಆ ಹೈದರಾಬಾದ್ ಹುಡುಗನಿಗೆ ಹೊರಡುವಾಗ ನಾನು ಕೈ ಮುಗಿದು ಕ್ಷಮೆ ಕೇಳಿದೆ. ಅವನಿಗೆ ಯಾಕೆ ಅಂತ ಅರ್ಥ ಆಗಲಿಲ್ಲ. "ಪರವಾಗಿಲ್ಲ ಅಣ್ಣಾ, ಮುಂದಿನ ಸಲ ಕೊನೆಯಲ್ಲಿ ಒಬ್ರನ್ನ ಇಡ್ರಿ" ಅಂದ. ನಾವೂ ಹಂಗೇ ಮಾಡ್ತೀವಿ ಅಂದ. ಬೈಬಲ್ ಓದದ ಹುಡುಗ ನನಗೆ ದಾನ್ ಕುಲದ ಪಾಠ ಹೇಳಿ ಸೈಕಲ್ ಹತ್ತಿ ಹೋದ.

ಈಗ ಮಾಡಬೇಕಾದ್ದು ಹೇಳಿ ಮುಗಿಸ್ತೀನಿ. ಇವತ್ತಿನಿಂದ ಈ ಯೌವನಸ್ಥರ ಸಂಘದಲ್ಲಿ ಎಲ್ಲಿ ಹೋದ್ರೂ, ಬೆಟ್ಟಕ್ಕಾದ್ರೂ, ಕೂಟಕ್ಕಾದ್ರೂ, ಕೊನೆಯಲ್ಲಿ ನಡೆಯೋಕೆ ಇಬ್ಬರು. ಮೊದಲನೇ ಹೆಸರು ನನ್ನದು. ಮುಂದಿನ ಸಲ ಮೇಲೆ ಕೊನೆಗೆ ಮುಟ್ಟುವವನು ನಿಮ್ಮ ಪಾಸ್ಟರ್. ಎರಡನೆಯದು, ಈ ಸಾಲುಗಳಲ್ಲಿ ಮೂರು ವಾರದಿಂದ ಖಾಲಿ ಇರುವ ಕುರ್ಚಿ ಯಾರದ್ದು ಅಂತ ನಿಮಗೆ ಗೊತ್ತು. ಈ ಸಂಜೆ ಅವರ ಮನೆಗೆ ಹೋಗ್ರಿ. ಯಾಕೆ ಬಂದಿಲ್ಲ ಅಂತ ಕೇಳೋಕೆ ಅಲ್ಲ, ಸುಮ್ನೆ ಚಹಾ ಕುಡಿದು ಬರೋಕೆ. ಹೊಸ ವಿಶ್ವಾಸಿಗೆ ಮೆಸೇಜ್ ಸಾಲಲ್ಲ, ಮನುಷ್ಯ ಬೇಕು.

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಈ ಸಲ ಕಣ್ಣು ಮುಚ್ಚುವ ಮುಂಚೆ ನಿಮ್ಮ ಅಕ್ಕಪಕ್ಕ ಒಮ್ಮೆ ನೋಡಿ. ಯಾರು ಇದ್ದಾರೆ, ಯಾರು ಇಲ್ಲ. ನೋಡಿದ್ರಾ? ಈಗ ಮುಚ್ಚಿ.

ಇಲ್ಲಿ ಯಾರಾದ್ರೂ ಅರ್ಧ ದಾರಿಯಲ್ಲಿ ಕೂತಿದ್ದೀರಾ? ಮೇಲಿನವರ ಹಾಡು ಕೇಳ್ತಿದೆ, ಆದ್ರೆ ಏಳೋಕೆ ಆಗ್ತಿಲ್ಲ, ಮತ್ತೆ ಹಳೇ ಅಂಗಡಿ ಕಡೆ ಹೋಗಲಾ ಅನ್ನಿಸ್ತಿದೆಯಾ? ಇದ್ದ ಜಾಗದಲ್ಲೇ ಕೈ ಎತ್ತಿ. ಮುಂದೆ ಬರಬೇಕಾಗಿಲ್ಲ. ಇವತ್ತು ನಾವೇ ಇಳಿದು ನಿಮ್ಮ ಹತ್ರ ಬರ್ತೀವಿ.

ಪ್ರಾರ್ಥನೆ ಮಾಡೋಣ. ಕರ್ತನೇ, ವೇಗವಾಗಿ ನಡೆದದ್ದಕ್ಕೆ ನಮ್ಮನ್ನು ಕ್ಷಮಿಸು. ಒಬ್ಬರು ಕಡಿಮೆ ಇದ್ದಾಗಲೂ ಹಾಡಿದ್ದಕ್ಕೆ ನನ್ನನ್ನು ಕ್ಷಮಿಸು. ಸುಟ್ಟುಹೋದ ಎಣ್ಣೆಯ ಜಾಗದಲ್ಲಿ ಹೊಸ ಎಣ್ಣೆ ತುಂಬು, ಪವಿತ್ರಾತ್ಮನೇ. ಕೊನೆಯಲ್ಲಿ ನಡೆಯುವ ಬಲ ಕೊಡು. ಆ ತಮ್ಮನನ್ನು ನಾಲ್ಕು ತಿಂಗಳು ಕಾದವನೇ, ನಾಲ್ಕು ವರ್ಷ, ನಲವತ್ತು ವರ್ಷ ಕಾಯಿ. ಹೆಸರು ಗೊತ್ತಿಲ್ಲದ ಆ ಸೈಕಲ್ ಹುಡುಗನನ್ನೂ ಅವನ ಮನೆಯವರನ್ನೂ ಹೇರಳವಾಗಿ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.